ಹೊರಹಳಿಗೆ ಗ್ರೀಸ್ ಹಚ್ಚಿದವರು

ಸುದ್ದಿ ಬಂದದ್ದು ರೈಲ್ವೆಯವರ ವಾಟ್ಸ್ಯಾಪ್ ಗುಂಪಿನಲ್ಲಿ. ಗುಲಾಬಿ ಹೂಗಳ ಚೌಕಟ್ಟಿನೊಳಗೆ ಅವರ ಹಳೆಯ ಗುರುತಿನ ಚೀಟಿಯ ಫೋಟೋ, ಕೆಳಗೆ ‘ನಿವೃತ್ತ ಮೇಟ್, ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲು. ಅದರ ಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನೊಬ್ಬ ತಿದ್ದಿದ್ದ: ‘ಮೇಟ್ ಅಲ್ಲ, ಟ್ರ್ಯಾಕ್‌ಮನ್. ದಾಖಲೆಯಲ್ಲಿ ಹಾಗೇ ಇದೆ.’ ಆಮೇಲೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಸತ್ತ ಮನುಷ್ಯನ ಹುದ್ದೆ ತಿದ್ದಲು ಹೋದ ಆ ಗುಮಾಸ್ತನ ಮೇಲೆ ನನಗೆಷ್ಟು ಸಿಟ್ಟು ಬಂತೆಂದರೆ ಫೋನನ್ನು ಹಾಸಿಗೆಯ ಮೇಲೆ ಒಗೆದುಬಿಟ್ಟೆ. ಸಿಟ್ಟು ಇಳಿದ ಮೇಲೆ ಅವನು ಬರೆದದ್ದು ಸರಿಯೆಂದು ಒಪ್ಪಿಕೊಳ್ಳಬೇಕಾಯಿತು. ಅವರು ಮೇಟ್ ಆಗಲಿಲ್ಲ. ಆಗದಂತೆ ಮಾಡಿದ ಕಾಗದದ ಮೇಲಿದ್ದ ಮೂರು ಸಹಿಗಳಲ್ಲಿ ಒಂದು ನನ್ನದು.

ಮೇಟ್ ಅಂದರೆ ಹಳಿ ದುರಸ್ತಿ ಮಾಡುವ ತಂಡದ ಹಿರಿಯ, ಟ್ರ್ಯಾಕ್‌ಮನ್ ಅಂದರೆ ಅದರ ಸಾಮಾನ್ಯ ಕೆಲಸಗಾರ. ಹೊರಗಿನವರಿಗೆ ಅದೇನು ಮಹಾ ಹುದ್ದೆ ಅನಿಸುವುದಿಲ್ಲ. ಆದರೆ ಜೀವಮಾನವೆಲ್ಲ ಹಳಿಯ ಪಕ್ಕ ನಡೆದವನಿಗೆ, ತನ್ನ ಕೆಲಸವನ್ನು ಯಾರೋ ಕಂಡಿದ್ದಾರೆ ಎನ್ನುವುದಕ್ಕೆ ಇರುವ ಗುರುತು ಅದೊಂದೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಸರಿದ್ದ ಕಾಗದಕ್ಕೆ ಒಮ್ಮೆ ಸಹಿ ಹಾಕಿದ್ದೇನೆ, ಅಷ್ಟು ಸಾಕು. ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನು ವಿಜಯಪುರಕ್ಕೆ ಬಂದದ್ದು ಗೂಡ್ಸ್ ವ್ಯಾಗನ್ನುಗಳ ಗಾಲಿ ಪರೀಕ್ಷಿಸುವ ಕಿರಿಯ ಇಂಜಿನಿಯರ್ ಆಗಿ. ಕೈಯಲ್ಲಿ ಉಕ್ಕಿನ ಅಳತೆಪಟ್ಟಿ, ಜೇಬಿನಲ್ಲಿ ಸೀಮೆಸುಣ್ಣ, ತಲೆಯಲ್ಲಿ ಡಿಪ್ಲೊಮಾದ ಸೊಕ್ಕು. ರೈಲಿನ ಗಾಲಿಗೆ ಒಳಬದಿಯಲ್ಲಿ ತುಟಿಯಂಥ ಒಂದು ಅಂಚು ಇರುತ್ತದೆ. ಗಾಲಿ ಹಳಿ ಬಿಟ್ಟು ಜಾರದಂತೆ ಹಿಡಿದುಕೊಳ್ಳುವುದು ಅದೇ. ಆ ತುಟಿ ಸವೆದು ತೆಳ್ಳಗಾದರೆ ವ್ಯಾಗನ್ನನ್ನು ರೈಲಿನಿಂದ ಬಿಡಿಸಿ ವರ್ಕ್‌ಶಾಪಿಗೆ ಕಳಿಸಬೇಕು. ಆಗ ಕಲ್ಲಿದ್ದಲು ಹೊತ್ತು ಹೋಗಿ ಖಾಲಿಯಾಗಿ ಮರಳುವ ಒಂದು ಗೂಡ್ಸಿನಲ್ಲಿ ಗಾಲಿಗಳ ತುಟಿ ಕಾಲಕ್ಕೆ ಮುಂಚೆಯೇ ಸವೆಯುತ್ತಿತ್ತು. ಅದೂ ಒಂದೇ ಬದಿಯ ಗಾಲಿಗಳದ್ದು. ಗಾಲಿಯ ಉಕ್ಕೇ ಕಳಪೆ ಎಂದು ನಾನು ತೀರ್ಮಾನಿಸಿದ್ದೆ. ಇಬ್ರಾಹಿಂಪುರದ ರೈಲುಗೇಟಿನ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು ಆ ಪಾಂಡಿತ್ಯವನ್ನೆಲ್ಲ ಜೊತೆಯವನಿಗೆ ದೊಡ್ಡ ದನಿಯಲ್ಲಿ ವಿವರಿಸುತ್ತಿದ್ದೆ.

ಪಕ್ಕದ ಬೆಂಚಿನಲ್ಲಿ ಒಬ್ಬ ತೆಳ್ಳನೆಯ ಕಪ್ಪು ಮನುಷ್ಯ ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದರು. ಕಾಲ ಬಳಿ ಉದ್ದ ಹಿಡಿಕೆಯ ಸುತ್ತಿಗೆ. ಬಲಗೈ ಮೊಣಕೈಯವರೆಗೆ ಗ್ರೀಸಿನಿಂದ ಕಪ್ಪಗಾಗಿತ್ತು, ಹಾಗಾಗಿ ಬಸಿಯನ್ನು ಎಡಗೈಯಲ್ಲಿ ಹಿಡಿದಿದ್ದರು.

“ಸಾಹೇಬ್ರ, ಗಾಲಿ ಕೆಟ್ಟಿಲ್ರಿ. ದಾರಿ ಕೆಟ್ಟೈತಿ,” ಅಂದರು.

“ನಿಮಗ ಹ್ಯಾಂಗ ಗೊತ್ತು?”

“ನೀವು ಗಾಲಿ ನಿಂತಾಗ ನೋಡತೀರಿ. ನಾ ಅದು ತಿರುಗೂವಾಗ ನೋಡತೀನ್ರಿ.”

ಅವರು ಕೀಮ್ಯಾನ್. ದಿನಾ ಬೆಳಿಗ್ಗೆ ತಮ್ಮ ಪಾಲಿನ ಆರು ಕಿಲೋಮೀಟರ್ ಹಳಿಯ ಮೇಲೆ ನಡೆದು, ಸಡಿಲಾದದ್ದನ್ನು ಬಿಗಿದು, ತಿರುವುಗಳಲ್ಲಿ ಹೊರಗಿನ ಹಳಿಗೆ ಗ್ರೀಸ್ ಹಚ್ಚುವುದು ಅವರ ಕೆಲಸ. ಸೊಕ್ಕಿಗೆ ಪೆಟ್ಟು ಬಿದ್ದದ್ದರಿಂದಲೋ ಏನೋ, ಮರುದಿನ ಅವರ ಬೆನ್ನು ಹತ್ತಿ ಹೋದೆ. ಊರು ದಾಟಿದ ಮೇಲೆ ಒಂದು ದೊಡ್ಡ ತಿರುವು ಬರುತ್ತದೆ. ಪಕ್ಕದಲ್ಲಿ ಒಂಟಿ ಹುಣಸೆಮರ. ನಕ್ಷೆಯಲ್ಲಿ ಆ ತಿರುವಿಗೆ ಒಂದು ನಂಬರಿದೆ. ಕಾಕಾ ಅದನ್ನು ಹುಣಸಿಮರದ ತಿರುವು ಅನ್ನುತ್ತಿದ್ದರು.

ಅಲ್ಲಿ ಅವರು ಜೇಬಿನಿಂದ ಒಂದು ಅಯಸ್ಕಾಂತ ತೆಗೆದರು. ಯಾವುದೋ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು. ಅದಕ್ಕೆ ಅರಿವೆ ಸುತ್ತಿ ಹೊರಹಳಿಯ ಬುಡದಲ್ಲಿ ಒಂದು ಮಾರು ಎಳೆದರು. ಅರಿವೆಗೆ ಕಪ್ಪು ಹಿಟ್ಟು ಮೆತ್ತಿಕೊಂಡಿತು. ಗಾಲಿಯ ತುಟಿಯೂ ಹಳಿಯ ಕೆನ್ನೆಯೂ ಒಂದನ್ನೊಂದು ತಿಂದು ಉದುರಿಸಿದ ಉಕ್ಕು. ಅಯಸ್ಕಾಂತ ಬಿಡಿಸಿ, ಹಿಟ್ಟನ್ನು ಖಾಲಿ ಕಡ್ಡಿಪೆಟ್ಟಿಗೆಯೊಳಗೆ ಜಾಡಿಸಿ, ಪೆಟ್ಟಿಗೆಯ ಮೇಲೆ ಮೊಳೆಯಿಂದ ಒಂದು ಮರದ ಗುರುತು ಗೀರಿದರು. ಪ್ರತಿ ತಿರುವಿಗೂ ಒಂದು ಪೆಟ್ಟಿಗೆ, ಪ್ರತಿ ಸೋಮವಾರ ಒಂದು ಮಾರು. ಎಲ್ಲವನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಲು ಹೇಳಿದರು. ಹುಣಸಿಮರದ ಪೆಟ್ಟಿಗೆಯೇ ಭಾರ. ನಾನು ಮೂರು ವರ್ಷ ಓದಿದ ಪುಸ್ತಕಗಳಲ್ಲಿ ಇಷ್ಟು ಸರಳವಾದ ಪರೀಕ್ಷೆ ಎಲ್ಲೂ ಇರಲಿಲ್ಲ.

ಈ ಪೆಟ್ಟಿಗೆಗಳಿಂದ ಅವರ ಮನೆಯಲ್ಲಿ ದಿನಬೆಳಗಾದರೆ ರಾಮಾಯಣ. ಇಬ್ರಾಹಿಂಪುರದ ಬಾಡಿಗೆ ಮನೆಯ ಗೋಡೆಯಲ್ಲಿದ್ದ ಮಾಡಿನ ತುಂಬ ಕಡ್ಡಿಪೆಟ್ಟಿಗೆ. ಒಲೆ ಹಚ್ಚಲು ಕೈ ಹಾಕಿದ ಕಾಕಾನ ಹೆಂಡತಿ ಕಾಕೂ ಅವರ ಸೀರೆಯ ಮೇಲೆಲ್ಲ ಉಕ್ಕಿನ ಹಿಟ್ಟು. “ಮಂದಿ ಗಂಡಂದಿರು ಮನಿಗೆ ಹೂವು ತರತಾರ, ನನ್ನ ಗಂಡ ಜಂಗು ತರತಾನ ನೋಡ್ರಿ ಸಾಹೇಬ್ರ,” ಎಂದು ಸೀರೆಯ ಮೇಲಿನ ತುಕ್ಕು ಜಾಡಿಸುತ್ತ ನನ್ನೆದುರಿಗೇ ಬೈದಿದ್ದರು. ಕಾಕಾ ಸಮಾಧಾನದಿಂದ, “ಜಂಗಲ್ಲಬೇ, ಅದು ಲೆಕ್ಕ,” ಅಂದಿದ್ದರು.

ಒಂದೇ ಬದಿಯ ಗಾಲಿ ಯಾಕೆ ಸವೆಯುತ್ತದೆ ಎನ್ನುವುದನ್ನೂ ಅವರೇ ಬಿಡಿಸಿ ಹೇಳಿದ್ದು. ಗೂಡ್ಸ್ ತನ್ನ ಕೊನೆಯ ನಿಲ್ದಾಣ ಮುಟ್ಟಿದಾಗ ಎಂಜಿನ್ ಮಾತ್ರ ಈ ತುದಿಯಿಂದ ಆ ತುದಿಗೆ ಬರುತ್ತದೆ, ವ್ಯಾಗನ್ನುಗಳು ಇದ್ದ ಹಾಗೇ ಇರುತ್ತವೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಆ ತಿರುವಿನಲ್ಲಿ ಹೊರಹಳಿಗೆ ಸಿಗುವುದು ಅದೇ ಬದಿಯ ಗಾಲಿ. “ಗಾಣದ ಎತ್ತು ನೋಡೀರೇನ್ರಿ? ಒಂದ ಬದಿ ಗೊರಸು ಸವದಿರತಾವು. ಎತ್ತಿನ ತಪ್ಪಲ್ಲ, ಗಾಣದ್ದು.”

ಇನ್ನೊಂದು ಸಂಗತಿಯೂ ಇತ್ತು. ತಿರುವಿನಲ್ಲಿ ರೈಲು ಹೊರಕ್ಕೆ ವಾಲದಿರಲೆಂದು ಹೊರಹಳಿಯನ್ನು ಒಳಹಳಿಗಿಂತ ಎತ್ತರ ಇಡುತ್ತಾರೆ. ವೇಗ ಹೆಚ್ಚಿದಷ್ಟೂ ಎತ್ತರ ಹೆಚ್ಚು. ಪ್ಯಾಸೆಂಜರ್ ರೈಲುಗಳ ವೇಗ ಹೆಚ್ಚಿಸಿದಾಗ ಹುಣಸಿಮರದ ತಿರುವಿನಲ್ಲಿ ಹಳಿ ಎತ್ತಿದ್ದರು. ಗೂಡ್ಸ್ ಮಾತ್ರ ಅಲ್ಲಿ ಏದುಸಿರು ಬಿಡುತ್ತ ತೆವಳುತ್ತಿತ್ತು. ತೆವಳುವ ರೈಲಿಗೆ ಅಷ್ಟು ಎತ್ತರ ಬೇಡ. ಭಾರವೆಲ್ಲ ಒಳಹಳಿಯ ಮೇಲೆ ಬಿದ್ದು, ಹೊರಗಾಲಿ ಹಗುರಾಗಿ ಹಳಿಯ ಕೆನ್ನೆಯನ್ನು ಉಜ್ಜುತ್ತ ಮೇಲೆ ಹತ್ತಲು ನೋಡುತ್ತದೆ. “ಕುದುರಿಗೆ ಹೊಲಿದ ಜೀನು ಎತ್ತಿಗೆ ಹಾಕ್ಯಾರ್ರಿ,” ಅನ್ನುತ್ತಿದ್ದರು ಕಾಕಾ. ಅವರ ತಂದೆ ತಮ್ಮೂರು ಘೋಣಸಗಿಯಲ್ಲಿ ಬೇರೆಯವರ ಬಂಡಿ ಹೊಡೆಯುತ್ತಿದ್ದವರು. ಕಾಕಾಗೆ ಗಾಲಿಯ ವಿದ್ಯೆ ಬಂದದ್ದು ಆ ಬಂಡಿಯ ಕೀಲಿಗೆ ಎಣ್ಣೆ ಹಾಕುತ್ತ.

ಅವರಿಗೆ ಗಾಲಿ ಕಂಡರೆ ಸುಮ್ಮನಿರಲು ಬರುತ್ತಿರಲಿಲ್ಲ. ಒಮ್ಮೆ ಊರಿಗೆ ಹೊರಟವರು ತಿಕೋಟಾ ಬಸ್ಸಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಟೈರು ನೋಡುತ್ತಿದ್ದರು. ಡ್ರೈವರ್ ಮೇಲಿನಿಂದ, “ಏ ಕಾಕಾ, ಏನ ಕಳದೈತಿ?” ಅಂದ. “ನಿಂದು ಮುಂದಿನ ಎಡಗಾಲಿ ಒಳಮಗ್ಗಲ ಸವದೈತಿ ನೋಡಪಾ. ತಿಕೋಟಾ ತಿರುವಿನ್ಯಾಗ ಜೋರ ಒಗೀತಿ ಏನು?” ಅಂದರು. ಡ್ರೈವರ್ ಮೋರೆ ಗಂಟು ಹಾಕಿಕೊಂಡ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ಬಸ್ಸು ಅವತ್ತು ತಿಕೋಟಾ ತಿರುವಿನಲ್ಲಿ ಮದುವಣಗಿತ್ತಿಯ ಹಾಗೆ ನಡೆಯಿತಂತೆ.

ಹಾಗಂತ ಅವರು ಬಹಳ ಸಾಧು ಮನುಷ್ಯರೇನಲ್ಲ. ಬೇರೆಯವರು ಹಚ್ಚಿದ ಗ್ರೀಸ್ ಅವರಿಗೆ ಎಂದೂ ಒಪ್ಪಿಗೆಯಾಗುತ್ತಿರಲಿಲ್ಲ. ಬ್ರಷ್ ಕೊಟ್ಟರೂ ಬರಿಗೈಯಲ್ಲೇ ಹಚ್ಚುವರು. ಗ್ರೀಸ್ ಹಳಿಯ ಒಳಕೆನ್ನೆಗೆ ಮಾತ್ರ ಬೀಳಬೇಕು. ನೆತ್ತಿಗೆ ಬಿದ್ದರೆ ಎಂಜಿನ್ನಿನ ಗಾಲಿ ಜಾರಿ ರೈಲು ನಿಂತಲ್ಲೇ ನಿಲ್ಲುತ್ತದೆ. ರಜೆಯ ಮೇಲೆ ಹೋಗಿ ಬಂದ ದಿನ, ಬದಲಿಗೆ ಬಂದವನನ್ನು ಹಳಿಯ ಮುಂದೆ ನಿಲ್ಲಿಸಿ, “ಲೇ, ಮದುಮಗಳಿಗೆ ಅರಿಷಿಣ ಗಲ್ಲಕ್ಕ ಹಚ್ಚತಾರೋ ನೆತ್ತಿಗೋ?” ಎಂದು ಎಲ್ಲರೆದುರು ನೀರಿಳಿಸುತ್ತಿದ್ದರು. ನನ್ನನ್ನೂ ಬಿಟ್ಟವರಲ್ಲ. ನಾನು ಹಚ್ಚಿದ ಗ್ರೀಸನ್ನು ಒಮ್ಮೆ ಪೂರ್ತಿ ಒರೆಸಿ ಮತ್ತೆ ಹಚ್ಚಿದ್ದರು.

ಈಗ ಆ ದಿನದ ಮಾತಿಗೆ ಬರಬೇಕು. ಇಷ್ಟು ಹೊತ್ತು ಸುತ್ತು ಬಳಸಿದ್ದೇ ಅದನ್ನು ತಪ್ಪಿಸಲು.

ಅದೊಂದು ಸೋಮವಾರ. ಕಡ್ಡಿಪೆಟ್ಟಿಗೆಯ ದಿನವೆಂದು ಬೆಳಿಗ್ಗೆಯೇ ನಾನೂ ಅವರ ಜೊತೆ ತಿರುವಿಗೆ ಹೋಗಿದ್ದೆ. ಬಿಸಿಲೇರುವ ಮೊದಲು ಅವರು ಗ್ರೀಸ್ ಹಚ್ಚಿ ಮುಗಿಸಿದರು. ತಿರುವಿನ ಈ ತುದಿಯಿಂದ ಆ ತುದಿಯವರೆಗೆ, ಬಗ್ಗಿದ ಬೆನ್ನು ಎತ್ತದೆ. ನಾನು ಹುಣಸೆಮರದ ನೆರಳಲ್ಲಿ ಕುಳಿತು ನೋಡುತ್ತಿದ್ದೆ. ಆಮೇಲೆ ಇಬ್ಬರೂ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗ್ರೀಸಿನ ಕೈ ತೊಳೆಯಲು ನೀರು ಸಾಲದೆ ಅವರು ಎಡಗೈಯಲ್ಲೇ ಉಂಡರು. ಮಗಳು ಒಂಬತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಓದುತ್ತಾಳೆ ಎಂದು ಹೇಳಿಕೊಂಡರು. ತಮ್ಮ ತಂಡದ ಮೇಟ್ ನಿವೃತ್ತನಾಗುತ್ತಿದ್ದಾನೆ, ಮುಂದಿನ ಪಾಳಿ ತಮ್ಮದು ಎಂದು ನಾಚಿಕೊಂಡು ಹೇಳಿದರು. “ಮೇಟ್ ಆದ ಮ್ಯಾಲ ಈ ತಿರುವಿನ ಎತ್ತರದ ಬಗ್ಗೆ ಮೀಟಿಂಗಿನ್ಯಾಗ ಬಾಯಿ ತಗೀಬಹುದ್ರಿ. ಕೀಮ್ಯಾನ್ ಮಾತು ಯಾರ ಕೇಳತಾರ?”

ನಾನು ಯಾರ್ಡಿಗೆ ಮರಳಿದ ಸ್ವಲ್ಪ ಹೊತ್ತಿಗೆ, ಖಾಲಿ ಗೂಡ್ಸ್ ಆ ತಿರುವಿನಲ್ಲಿ ಹಳಿ ತಪ್ಪಿತು. ಒಂದು ವ್ಯಾಗನ್ನಿನ ಮುಂದಿನ ಹೊರಗಾಲಿ ಹೊರಹಳಿಯನ್ನು ಹತ್ತಿ ಆಚೆ ಬಿದ್ದಿತ್ತು. ತೆವಳುವ ರೈಲಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಲಿ ಒಂದಷ್ಟು ದೂರ ಎಳೆದುಕೊಂಡು ಹೋಗಿ ಜಲ್ಲಿಯನ್ನೆಲ್ಲ ಎಬ್ಬಿಸಿತ್ತು. ಹಳಿಯ ಕೆನ್ನೆ ಗ್ರೀಸಿನ ಸಮೇತ ಉಜ್ಜಿಹೋಗಿ, ಮೇಲೆ ಜಲ್ಲಿಯ ಪುಡಿ ಕೂತಿತ್ತು.

ಇಂಥ ಸಂದರ್ಭಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ, ಜಂಟಿ ಟಿಪ್ಪಣಿ. ಹಳಿಯವರು, ವ್ಯಾಗನ್ನಿನವರು, ರೈಲು ಓಡಿಸುವವರು, ಮೂರು ವಿಭಾಗದ ಒಬ್ಬೊಬ್ಬರು ಸ್ಥಳದಲ್ಲೇ ನಿಂತು ಕಾರಣ ಬರೆದು ಸಹಿ ಹಾಕಬೇಕು. ಒಪ್ಪದವನು ತನ್ನ ಸಹಿಯ ಮೇಲೆ ತನ್ನ ಕೈಯಿಂದಲೇ ಭಿನ್ನಮತ ಬರೆಯಬಹುದು. ಅದಕ್ಕೆಂದೇ ಪ್ರತಿ ಸಹಿಯ ಮೇಲೆ ನಾಲ್ಕು ಬೆರಳು ಜಾಗ ಖಾಲಿ ಬಿಡುತ್ತಾರೆ. ಏನೂ ಬರೆಯದೆ ಸಹಿ ಹಾಕಿದರೆ ಒಪ್ಪಿದ ಹಾಗೆ.

ಹಳಿಯ ವಿಭಾಗದ ಹಿರಿಯರು ಗಾಲಿ ಹತ್ತಿದ ಜಾಗದಲ್ಲಿ ಹೊರಹಳಿಯ ಕೆನ್ನೆಗೆ ಬೆರಳು ಸವರಿ ಎತ್ತಿ ತೋರಿಸಿದರು. ಬೆರಳಿಗೆ ಬರೀ ಧೂಳು. “ಒಣ,” ಅಂದರು. ಹತ್ತು ನಿಮಿಷದಲ್ಲಿ ಎಲ್ಲ ತೀರ್ಮಾನವಾಯಿತು. ಹೊರಹಳಿಗೆ ಗ್ರೀಸ್ ಇರಲಿಲ್ಲ, ಕೀಮ್ಯಾನನ ನಿರ್ಲಕ್ಷ್ಯ.

ನಾನು ಯಾಕೆ ಬಾಯಿ ಬಿಡಲಿಲ್ಲ ಎನ್ನುವುದನ್ನು ಮುಚ್ಚಿಡುವುದಿಲ್ಲ. ಹಳಿ ಹತ್ತಿದ ಆ ಗಾಲಿಯನ್ನು ನಾಲ್ಕು ದಿನ ಮೊದಲು ಅಳೆದವನು ನಾನೇ. ತುಟಿ ತೆಳ್ಳಗಿತ್ತು, ನಿಯಮದ ಗೆರೆಯ ಮೇಲೇ ನಿಂತಿತ್ತು. ಆ ರೇಕು, ಅಂದರೆ ವ್ಯಾಗನ್ನುಗಳ ಇಡೀ ಸಾಲು, ಬೇಗ ಬೇಕೆಂದು ಮೇಲಿನಿಂದ ಫೋನಿನ ಮೇಲೆ ಫೋನು. ನಾನು ಸೀಮೆಸುಣ್ಣದಲ್ಲಿ ಸರಿ ಎಂದು ಗುರುತು ಹಾಕಿ ಬಿಟ್ಟುಕೊಟ್ಟಿದ್ದೆ. ಈಗ ಗ್ರೀಸ್ ಇತ್ತು, ನಾನೇ ನೋಡಿದ್ದೇನೆ ಎಂದರೆ, ಹಾಗಾದರೆ ಗಾಲಿ ಹತ್ತಿದ್ದು ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಒಂದೋ ತಿರುವಿನ ಎತ್ತರ, ಇಲ್ಲವೇ ಗಾಲಿಯ ತುಟಿ. ಎತ್ತರದ ತಪ್ಪನ್ನು ಹಳಿಯವರು ಒಪ್ಪುವುದಿಲ್ಲ. ಉಳಿಯುವುದು ತುಟಿ. ನನ್ನ ಸುಣ್ಣದ ಗುರುತು ಆ ವ್ಯಾಗನ್ನಿನ ಮೇಲೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

ಸಹಿಗೆ ಮುಂಚೆ ಕಾಕಾ ನನ್ನನ್ನು ಮರದ ಹತ್ತಿರ ಕರೆದರು. ಅವರ ಮೊಣಕೈಯಲ್ಲಿ ಬೆಳಗಿನ ಗ್ರೀಸ್ ಹಾಗೇ ಇತ್ತು.

“ಸಾಹೇಬ್ರ, ನೀವು ಕುಂತ ನೋಡೀರಿ. ನನ್ನ ಪರವಾಗಿ ವಾದಾ ಮಾಡಬ್ಯಾಡ್ರಿ. ಹಚ್ಚಿದ್ದು ನೋಡೀನಿ ಅಂತ ಒಂದ ಸಾಲು ಬರೀರಿ. ಒಂದ ಸಾಲು ಸಾಕು.”

“ಬರೀತೀನಿ ಕಾಕಾ.”

ಹೋದೆ. ನನ್ನ ಹೆಸರಿನ ಮೇಲೆ ನಾಲ್ಕು ಬೆರಳು ಜಾಗ ಇತ್ತು. ಪೆನ್ನು ಕೈಯಲ್ಲಿತ್ತು. ಹಿರಿಯರು, “ನೋಡ್ರಿ, ಬಡವ ನೀ ಮಡಗ್ದಾಂಗಿರು ಅಂತಾರ. ಗಾಲಿ ವಿಷಯ ಬಿಡೂಣು, ನೀವು ಎತ್ತರದ ವಿಷಯ ಬಿಡ್ರಿ,” ಎಂದು ನಕ್ಕರು. ನಾನು ಸಹಿ ಹಾಕಿದೆ. ಮೇಲಿನ ಜಾಗ ಬೆಳ್ಳಗೇ ಉಳಿಯಿತು.

ಮರದ ಕೆಳಗೆ ಅವರು ಇನ್ನೂ ನಿಂತಿದ್ದರು. “ಬರದ್ರೇನ್ರಿ?”

“ಬರದೀನಿ,” ಅಂದೆ.

ಅವರು ತಲೆಯ ಟವೆಲ್ ತೆಗೆದು ಕೈ ಒರೆಸಿಕೊಂಡು ನನ್ನ ಕೈ ಹಿಡಿದರು. ಗ್ರೀಸ್ ನನ್ನ ಅಂಗೈಗೂ ಹತ್ತಿತು. ಸಾಬೂನು ಹಚ್ಚಿ ಎಷ್ಟು ತೊಳೆದರೂ ಎರಡು ದಿನ ಅದರ ವಾಸನೆ ಹೋಗಲಿಲ್ಲ.

ಮುಂದೆ ಆದದ್ದು ನೌಕರಿ ಮಾಡಿದವರಿಗೆಲ್ಲ ಗೊತ್ತಿರುವಂಥದ್ದು. ಆರೋಪಪತ್ರ ಬಂತು. ಆರು ಕಿಲೋಮೀಟರ್ ಅವರ ಕೈಯಿಂದ ಹೋಯಿತು. ಅವರನ್ನು ಸಾಮಾನ್ಯ ಟ್ರ್ಯಾಕ್‌ಮನ್ ಮಾಡಿ ಜಲ್ಲಿ ಎತ್ತುವ ತಂಡಕ್ಕೆ ಹಾಕಿದರು. ಮೇಟ್ ಬೇರೆಯವನಾದ. ಒಂದು ಸಲ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಾಗ ನಾನೇ ಮೈಮೇಲೆ ಬಿದ್ದು ಎರಡನೇ ಸುಳ್ಳು ಹೇಳಿದೆ: “ನಾ ಬರದಿದ್ದೆ ಕಾಕಾ, ಮ್ಯಾಲಿನವರು ತಗದ ಹಾಕ್ಯಾರ.” ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹಂಗ ಆಗತೈತ್ರಿ,” ಅಂದರು. ಅಷ್ಟೇ.

ಎರಡು ವರ್ಷದ ಮೇಲೆ ಯಂತ್ರ ತಂದು ತಿರುವನ್ನು ಅಳೆದರು. ಎತ್ತರ ಹೆಚ್ಚಾಗಿದೆ ಎಂದಾಯಿತು, ಇಳಿಸಿದರು. ವ್ಯಾಗನ್ನುಗಳನ್ನು ಆಗಾಗ ದಿಕ್ಕು ಬದಲಿಸಿ ಜೋಡಿಸಬೇಕು ಎಂದು ನಾನು ಬರೆದ ಟಿಪ್ಪಣಿಯನ್ನೂ ಒಪ್ಪಿದರು. ಗಾಲಿಗಳು ಬಾಳಿಕೆ ಬರತೊಡಗಿದವು. ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. ಕಡ್ಡಿಪೆಟ್ಟಿಗೆಯ ಮಾತನ್ನು ನಾನು ಆ ವೇದಿಕೆಯ ಮೇಲೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸಲು ಬಂದ ತಂಡದವರು ನಿಂತಿದ್ದರು. ಅವರಲ್ಲಿ ಕಾಕಾನೂ ಇದ್ದು, ಎಲ್ಲರ ಹಾಗೆ ಚಪ್ಪಾಳೆ ತಟ್ಟಿದರು. ಅವತ್ತು ಆ ಶಾಲು ಮೈಗೆ ಚುಚ್ಚಿದಷ್ಟು ಯಾವ ಕಂಬಳಿಯೂ ಚುಚ್ಚಿಲ್ಲ.

ಅವರು ನನ್ನೊಂದಿಗೆ ಮಾತು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಡಲಿಲ್ಲ. ನಿವೃತ್ತರಾಗಿ ಘೋಣಸಗಿಗೆ ಹೋದ ಮೇಲೂ ವಿಜಯಪುರಕ್ಕೆ ಬಂದಾಗ ಇಬ್ರಾಹಿಂಪುರದ ಅದೇ ಚಹಾದಂಗಡಿಯಿಂದ ಫೋನ್ ಮಾಡುವರು. ನಾನು ಪತ್ರಿಕೆಯ ಭಾನುವಾರದ ಪುಟಕ್ಕೆ ಆಗಾಗ ಹರಟೆ ಬರೆಯುವುದು ಅವರಿಗೆ ಗೊತ್ತಿತ್ತು. ಏಳುವಾಗ ತಪ್ಪದೆ, “ಬರಿಯೂದು ಬಿಡಬ್ಯಾಡ್ರಿ ಸಾಹೇಬ್ರ,” ಅನ್ನುವರು. ಗೂಡ್ಸ್ ಹೋದರೆ ಮಾತು ನಿಲ್ಲಿಸಿ ಕಣ್ಣು ಮುಚ್ಚಿ ಕೇಳುವರು. ಸಣ್ಣಗೆ ಕೀರಲು ದನಿ ಬಂದರೆ ಅವರ ಬಲಗೈ ಬೆರಳು ತಾವಾಗಿಯೇ ಪಂಚೆಯ ಮೇಲೆ ಸವರತೊಡಗುತ್ತಿದ್ದವು, ಗ್ರೀಸ್ ಹಚ್ಚುವ ಹಾಗೆ.

ಶ್ರದ್ಧಾಂಜಲಿಯ ದಿನ ಘೋಣಸಗಿಗೆ ಹೋದೆ. ಮನೆಯ ಮುಂದೆ ಬಿಳಿ ಬಟ್ಟೆಯ ಪೆಂಡಾಲು, ಬುದ್ಧನ ಪಟದ ಪಕ್ಕದಲ್ಲಿ ಅವರ ಫೋಟೋ, ಮುಂದೆ ಮೇಣದಬತ್ತಿಗಳು. ನಾಲ್ಕು ಮಾತಾಡಿ ಎಂದು ಯಾರೋ ಮೈಕು ಕೊಟ್ಟರು. ಕೆಲಸಗಾರ, ಪ್ರಾಮಾಣಿಕ, ನಗುಮುಖ ಎಂದು ಏನೇನೋ ಅಂದೆ. ಆಡಬೇಕಾದ ಮಾತು ಬಿಟ್ಟು ಮೈಕು ವಾಪಸು ಕೊಟ್ಟೆ. ಹೇಡಿತನವೂ ಒಂದು ಚಟ. ಇಪ್ಪತ್ತು ವರ್ಷ ರೂಢಿಯಾದದ್ದು ಮೈಕು ಕಂಡ ಕೂಡಲೇ ಬಿಡುವುದಿಲ್ಲ.

ಅವರ ಮಗಳು ಈಗ ಬಬಲೇಶ್ವರದ ಒಂದು ಸಾಲಿಯಲ್ಲಿ ಟೀಚರ್. ಮರುದಿನ ಪರೀಕ್ಷೆಯ ಕೆಲಸವಿದೆಯೆಂದು ಸಂಜೆಗೆ ಮುಂಚೆ ಹೊರಟಿದ್ದಳು. ನನ್ನ ಕಾರಿನಲ್ಲೇ ಬಿಡುತ್ತೇನೆ ಎಂದೆ. ತಿಕೋಟಾ ದಾಟಿ ಬಬಲೇಶ್ವರದ ದಾರಿ ಹಿಡಿದೆವು. ಎರಡೂ ಬದಿ ದ್ರಾಕ್ಷಿ ತೋಟ. ಅವಳು ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಎದುರಿಗೆ ನೋಡಿಕೊಂಡು ಹೇಳುವುದು ಸುಲಭವೆಂದು, ಸ್ಟೇರಿಂಗ್ ಹಿಡಿದುಕೊಂಡೇ ಬಾಯಿಬಿಟ್ಟೆ.

“ನಿಮ್ಮ ಅಪ್ಪಗ ನಾ ಒಂದು ಸುಳ್ಳು ಹೇಳಿದ್ನಿ. ಅವತ್ತ ಅವರು ಗ್ರೀಸ್ ಹಚ್ಚಿದ್ದು ನಾ ನೋಡಿದ್ನಿ. ಬರದೀನಿ ಅಂದೆ. ಬರದಿರಲಿಲ್ಲ.”

ಅವಳು ನನ್ನ ಕಡೆ ತಿರುಗಲಿಲ್ಲ. “ಗೊತ್ತೈತ್ರಿ,” ಅಂದಳು.

ಕಾರು ತಾನಾಗಿಯೇ ನಿಧಾನವಾಯಿತು.

“ಚಾರ್ಜ್‌ಶೀಟಿನ ಕೂಡ ಆ ಟಿಪ್ಪಣಿದು ಜೆರಾಕ್ಸ್ ಬಂದಿತ್ರಿ. ಇಂಗ್ಲೀಷಿನ್ಯಾಗ ಇತ್ತು. ಅಪ್ಪ ನನ್ನ ಕಡೆ ಓದಿಸಿದ. ಒಂಬತ್ತನೇ ಇಯತ್ತೆ ಇದ್ನಿ, ಡಿಕ್ಷನರಿ ಹಿಡಕೊಂಡು ಒಂದೊಂದ ಶಬ್ದ ಓದಿ ಹೇಳಿದ್ನಿ. ಸಾಹೇಬ್ರ ಸಹಿ ಮ್ಯಾಲ ಏನ ಬರದಾರ ನೋಡವಾ ಅಂದ. ಏನೂ ಇಲ್ಲಪಾ ಅಂದೆ. ಇನ್ನೊಮ್ಮಿ ನೋಡವಾ ಅಂದ. ನೋಡಿದ್ನಿ. ಏನೂ ಇರಲಿಲ್ರಿ.”

ಹಾಗಾದರೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಖ ನೋಡಿದಾಗ ಅವರಿಗೆ ಗೊತ್ತಿತ್ತು. ಚಪ್ಪಾಳೆ ತಟ್ಟುವಾಗಲೂ ಗೊತ್ತಿತ್ತು. ಅಷ್ಟು ವರ್ಷ ಬಸಿಯಲ್ಲಿ ಚಹಾ ಸುರುವಿ ನನ್ನ ಕಡೆ ಸರಿಸುವಾಗೆಲ್ಲ ಗೊತ್ತಿತ್ತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ.

“ಏನೂ ಬೈಲಿಲ್ಲೇನು?”

“ನಾ ಬೈದ್ನಿರಿ. ಸಣ್ಣಾಕಿ ಇದ್ನಿ, ಸಿಟ್ಟು ಬಂದಿತ್ತು. ಹೋಗಿ ಜಗಳಾ ತಗೀಪಾ ಅಂದೆ. ಅಪ್ಪ ಹೇಳಿದ, ಬರದೀನಿ ಅಂತ ಸುಳ್ಳ ಹೇಳ್ಯಾನ. ಅಂದ್ರ ಬರೀಬೇಕಿತ್ತು ಅಂತ ಅವಗ ಗೊತ್ತೈತಿ. ಹೊಸಾ ನೌಕರಿ, ಅಂಜ್ಯಾನ. ಇವತ್ತಲ್ಲ ನಾಳೆ ಬರೀತಾನ ಬಿಡು ಅಂದ.” ಕಿಟಕಿಯಾಚೆ ನೋಡುತ್ತಲೇ ಸೇರಿಸಿದಳು, “ಭಾಳ ವರ್ಷ ಕಾದಾನ್ರಿ.”

ಕಣ್ಣೊರೆಸಿಕೊಂಡು ಕಾರು ಹೊರಡಿಸಿದೆ.

ಬಬಲೇಶ್ವರದಲ್ಲಿ ಅವಳ ಮನೆಯ ಮುಂದೆ ಇಳಿಸಿ ಹೊರಡುವವನಿದ್ದೆ. “ಒಳಗ ಬರ್ರಿ,” ಅಂದಳು. ಎರಡು ಕೋಣೆಯ ಮನೆ. ಗೋಡೆಯ ಮಾಡಿನಲ್ಲಿ ಸಾಲಾಗಿ ಕಡ್ಡಿಪೆಟ್ಟಿಗೆಗಳು, ಒಳಗಿನ ಹಿಟ್ಟಿನ ತುಕ್ಕಿಗೆ ಬಣ್ಣಗೆಟ್ಟವು. ಒಂದರ ಮೇಲೆ ಮರದ ಗುರುತು ಇನ್ನೂ ಕಾಣುತ್ತಿತ್ತು. ಅವಳು ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟಳು. ಮಡಿಕೆಗಳು ಹರಿದಲ್ಲಿ ಅಂಟುಪಟ್ಟಿ ಹಚ್ಚಿತ್ತು. ಮೂರು ಸಹಿಗಳು. ನನ್ನ ಸಹಿ ಆಗ ಎಷ್ಟು ದುಂಡಗಿತ್ತು. ಅದರ ಮೇಲೆ ನಾಲ್ಕು ಬೆರಳು ಜಾಗ.

ಕಚೇರಿಯಲ್ಲಿ ಆ ಫೈಲು ಈಗ ಇಲ್ಲ, ಹಳೆಯ ಕಾಗದಗಳ ಜೊತೆ ವಿಲೇವಾರಿಯಾಗಿದೆ. ಇದು ನನಗೆ ಗೊತ್ತಿತ್ತು, ಯಾಕೆಂದರೆ ಸುದ್ದಿ ಬಂದ ಮರುದಿನವೇ ಹುಡುಕಿಸಿದ್ದೆ. ಈಗ ಏನು ಬರೆದರೂ ಯಾರೂ ಅವರನ್ನು ಮೇಟ್ ಮಾಡುವುದಿಲ್ಲ. ಅದನ್ನು ಅವಳಿಗೆ ಹೇಳಿದೆ.

“ಆಫೀಸಿಗೆ ಅಲ್ರಿ,” ಅಂದಳು. ಪೇಪರು ತಿದ್ದುವ ಕೆಂಪು ಪೆನ್ನು ಮೊದಲು ಅವಳ ಕೈಗೆ ಬಂತು. ಅದನ್ನು ಬಿಟ್ಟು ಹುಡುಕಿ ನೀಲಿ ಪೆನ್ನು ತಂದುಕೊಟ್ಟಳು.

ನಾನು ಕನ್ನಡದಲ್ಲೇ ಬರೆದೆ. ‘ಈ ದಿನ ಬೆಳಿಗ್ಗೆ ಹೊರಹಳಿಗೆ ಇವರು ಗ್ರೀಸ್ ಹಚ್ಚಿದ್ದನ್ನು ನಾನು ಕುಳಿತು ನೋಡಿದ್ದೇನೆ.’ ಕೆಳಗೆ ಇವತ್ತಿನ ತಾರೀಖು ಹಾಕಿದೆ.

ಅವಳು ಕಾಗದ ಎತ್ತಿಕೊಂಡು ಗೋಡೆಯ ಮೇಲಿನ ಅಪ್ಪನ ಫೋಟೋದ ಮುಂದೆ ಹೋಗಿ ನಿಂತಳು. ಸಾಲಿಯಲ್ಲಿ ಮಕ್ಕಳಿಗೆ ಓದುವ ಹಾಗೆ ಸ್ಪಷ್ಟವಾಗಿ, ಒಂದೊಂದೇ ಶಬ್ದ ಬಿಡಿಸಿ ಓದಿದಳು. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಓದಿದಳು.